ಸೊನ್ನೆಗೆ ಇಳಿಯದ ಮುಳ್ಳು

ಸುದ್ದಿ ಹೇಳಿದ್ದು ಅಣ್ಣ. ಕಾಲೇಜಿನಲ್ಲಿ ಎರಡನೆಯ ತರಗತಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಫೋನು ಬಂತು. "ನಿಮ್ಮ ಮಿಸ್ತ್ರಿ ಹೋದ ನೋಡು," ಎಂದ. ಯಾವ ಮಿಸ್ತ್ರಿ ಎಂದು ನಾನು ಕೇಳಲಿಲ್ಲ. ಇಂಡಿ ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರು ಹತ್ತಾರು ಮಂದಿ ಇದ್ದಾರೆ. 'ನಿಮ್ಮ' ಎಂದು ಅಣ್ಣ ನನ್ನ ಪಾಲಿಗೆ ಬಿಟ್ಟುಕೊಟ್ಟವರು ಒಬ್ಬರೇ. ನಿನ್ನೆ ಬೆಳಿಗ್ಗೆ ಚಹಾ ಕುಡಿದು ಕುಳಿತಲ್ಲೇ ಹೋದರಂತೆ. "ನಾ ಮಣ್ಣಿಗೆ ಹೋಗಿ ಬಂದೆ," ಎಂದು ಕೊನೆಗೆ ಸೇರಿಸಿ ಫೋನಿಟ್ಟ. ಒಂದು ಕಾಲಕ್ಕೆ ಆ ಮನುಷ್ಯನ ಮಾತು ಬಂದರೆ ಊಟದ ತಾಟಿನ ಮುಂದಿನಿಂದ ಎದ್ದುಹೋಗುತ್ತಿದ್ದ ಅಣ್ಣ, ಹೊರ್ತಿಯ ಹೊಲದಲ್ಲಿ ಆಳುಗಳನ್ನು ಬಿಟ್ಟು ಮಣ್ಣಿಗೆ ಹೋಗಿ ಬಂದಿದ್ದ.

ಆ ಸಂಜೆ ಹಳೆಯ ದಿನಚರಿಗಳನ್ನು ತೆಗೆದೆ. ಓದುವ ಕಾಲದಿಂದ ದಿನಕ್ಕೆ ನಾಲ್ಕು ಸಾಲು ಬರೆಯುವ ಚಟ ನನಗಿದೆ. ನೆನಪಿನ ಮೇಲೆ ಭರವಸೆ ಕಡಿಮೆ ಇದ್ದುದರಿಂದ ಶುರುವಾದ ಚಟ; ಈಗ ದಿನಚರಿಯ ಮೇಲೂ ಅಷ್ಟಾಗಿ ಭರವಸೆ ಉಳಿದಿಲ್ಲ. ಉದಾಹರಣೆಗೆ, ಮಿಸ್ತ್ರಿ ಎಂದರೆ ನನ್ನ ಕಣ್ಣಿಗೆ ಬರುವುದು ದಾರ ಕಟ್ಟಿದ ಕನ್ನಡಕ, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಅಣ್ಣನನ್ನು ಕೇಳಿದರೆ ಅವರು ಕನ್ನಡಕ ಹಾಕಿಕೊಳ್ಳುತ್ತಲೇ ಇರಲಿಲ್ಲ ಎನ್ನುತ್ತಾನೆ. ದಿನಚರಿಯಲ್ಲಿ ಕನ್ನಡಕದ ಮಾತಿಲ್ಲ. ಇರುವುದು ಇಷ್ಟು: "ಮಿಸ್ತ್ರಿ ಮೀಟರ್ ಮುಟ್ಟುವ ಮೊದಲು ಕೈ ತೊಳೆದುಕೊಂಡರು. ಎರಡು ಸಲ." ಆದ್ದರಿಂದ ಕನ್ನಡಕವನ್ನು ಬಿಡುತ್ತೇನೆ, ಕೈಗಳಿಂದ ಆರಂಭಿಸುತ್ತೇನೆ.

ಆ ಕೈಗಳು ದಿನವಿಡೀ ಎಣ್ಣೆಯಲ್ಲಿ ಇರುತ್ತಿದ್ದವು. ಎಂಜಿನ್ ಬಿಚ್ಚುವಾಗ ಅದರ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ. ಆದರೆ ಮೀಟರಿನಂಥ ಸೂಕ್ಷ್ಮ ಕೆಲಸ ಬಂದರೆ ಮೊದಲು ಡೀಸೆಲ್‌ನಲ್ಲಿ, ಆಮೇಲೆ ಕಟ್ಟಿಗೆಯ ಹೊಟ್ಟಿನಲ್ಲಿ ಉಜ್ಜಿ, ಸಾಬೂನು ಹಚ್ಚಿ ತೊಳೆದು, ನೆಲಕ್ಕೆ ಬಿಳಿ ಪಂಚೆಯ ತುಂಡು ಹಾಸಿ, ಅದರ ಮೇಲೆ ಮನೆಯಿಂದ ತಂದ ಸ್ಟೀಲಿನ ತಾಟು ಇಡುತ್ತಿದ್ದರು. ಬಿಚ್ಚಿದ ಸ್ಕ್ರೂ ತಾಟಿನಲ್ಲಿ ಟಣ್ ಎಂದು ಬೀಳಬೇಕು. ಸದ್ದು ಬರದಿದ್ದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. "ಕಾಲ ಎತ್ತಬ್ಯಾಡ್ರೀ ಯಾರೂ" ಎಂಬ ಅವರ ಕೂಗಿಗೆ ಚಹಾ ತಂದವನೂ ಒಂದು ಕಾಲಿನ ಮೇಲೆ ನಿಂತದ್ದನ್ನು ನೋಡಿದ್ದೇನೆ. ಅವರ ಹೆಂಡತಿಯ ತಕರಾರು ಬೇರೆ: "ಲಗ್ನದಾಗ ಕೊಟ್ಟಿದ್ದು ಆರು ತಾಟ್ರೀ ಅಕ್ಕಾರ. ಮನ್ಯಾಗ ಉಳದದ್ದು ಎರಡು. ಬಾಕಿ ನಾಕರಾಗ ಟ್ರ್ಯಾಕ್ಟರ್ ಉಣ್ಣಾಕತ್ತಾವ."

ಅವರ ಗ್ಯಾರೇಜು ಸಾಲೋಟಗಿ ರಸ್ತೆಯಲ್ಲಿತ್ತು. ತಗಡಿನ ಶೆಡ್ಡು, ಮುಂದೆ ಅಂಗಳ, ಅಂಗಳದಲ್ಲಿ ಬೇವಿನ ಗಿಡ. ಟ್ರ್ಯಾಕ್ಟರುಗಳನ್ನು ಅವರು ಕಂಪನಿಯ ಹೆಸರಿನಿಂದಾಗಲಿ, ಮಾಲಕರ ಹೆಸರಿನಿಂದಾಗಲಿ ಕರೆಯುತ್ತಿರಲಿಲ್ಲ. ತಮ್ಮ ಕೈಗೆ ಮೊದಲ ಸಲ ಬಂದಾಗ ಅದು ಯಾವ ಊರಲ್ಲಿತ್ತೋ ಆ ಊರೇ ಅದರ ಹೆಸರು. ಆಮೇಲೆ ಅದು ಮೂರು ಕಡೆ ಮಾರಾಟವಾಗಿ ಹೋದರೂ ಹೆಸರು ಬದಲಾಗುತ್ತಿರಲಿಲ್ಲ. ಸಿಂದಗಿಯ ಒಬ್ಬ ಮಾಲಕ ತನ್ನ ಗಾಡಿಯನ್ನು ಅವರು 'ಝಳಕಿ ಗಾಡಿ' ಎಂದು ಕರೆದಾಗ ಸಿಟ್ಟಾದ. ಮಿಸ್ತ್ರಿ ಹೇಳಿದರು, "ಹೆಣ್ಣಮಗಳು ಗಂಡನ ಮನಿಗಿ ಹೋದ್ರ ತವರುಮನಿ ಬದಲಾಕ್ಕೈತೇನ್ರಿ? ನೀವು ನಾಳಿ ಮಾರ್ತೀರಿ. ಆಮ್ಯಾಲ ನಾ ಮತ್ತ ಹೆಸರ ಹುಡುಕ್ಲ್ಯಾ?"

ರಿಪೇರಿಗೆ ಎಷ್ಟು ದಿನ ಬೇಕು ಎಂದು ಯಾರು ಕೇಳಿದರೂ ಒಂದೇ ಉತ್ತರ: "ಬಿಚ್ಚಿದ ಮ್ಯಾಲ ಹೇಳ್ತೇನ್ರಿ." ಬಿಚ್ಚಿದ ಮೇಲೆ ಕೇಳಿದರೆ, "ಕೂಡಿಸಿದ ಮ್ಯಾಲ ಹೇಳ್ತೇನ್ರಿ." ಅಗ್ಗದ ಎಣ್ಣೆ ಹಾಕಿ ಎಂಜಿನ್ ಕೆಡಿಸಿಕೊಂಡು ಬಂದ ಒಬ್ಬರಿಗೆ, "ಭಜಿ ಕರದ ಎಣ್ಣಿ ಹಾಕಿದ್ರೂ ಇದಕ್ಕಿಂತ ಚಲೋ ಇತ್ತು. ವಾಸನಿ ಆದ್ರೂ ಬರ್ತಿತ್ತು," ಎಂದಿದ್ದರು. ಬೈಸಿಕೊಂಡವರು ನಕ್ಕು ಅಲ್ಲೇ ಕುಳಿತಿದ್ದರು. ಅವರು ಬೈದರೆ ಗಾಡಿ ಬದುಕುತ್ತದೆ ಎಂಬ ನಂಬಿಕೆ ಆ ಅಂಗಳದಲ್ಲಿತ್ತು. ಸುಮ್ಮನಾದರೇ ಭಯ.

ನಮ್ಮ ಗಾಡಿಯ ಮುಂದೆ ಅವರು ಸುಮ್ಮನಾದರು.

ಇದಾಗಿ ಎಂಟು ವರ್ಷ. ಅಪ್ಪನ ನಂತರ ಹೊರ್ತಿಯ ಹೊಲ ನೋಡಿಕೊಳ್ಳುತ್ತಿದ್ದವನು ಅಣ್ಣ. ನಾನು ಇಂಡಿಯಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಅಣ್ಣ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡು ಎರಡು ವರ್ಷವಾಗಿತ್ತು. ಅದು ಎರಡೋ ಮೂರೋ ಕೈ ದಾಟಿ ಬಂದದ್ದು. ಒಂದು ಭಾನುವಾರ ಹೊಲಕ್ಕೆ ಹೋದವಳು ನೆರಳಿಗೆಂದು ಅದರ ಪಕ್ಕ ನಿಂತಿದ್ದೆ. ಸ್ಟೇರಿಂಗಿನ ಹಿಂದೆ ಒಂದು ಗುಂಡು ಮೀಟರಿತ್ತು. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಎಂದು ತೋರಿಸುವ ಮೀಟರು. ಕೆಂಪು ಪಟ್ಟಿ, ಅದರ ಮುಂದೆ ಹಸಿರು ಪಟ್ಟಿ. ಮುಳ್ಳು ಹಸಿರು ಶುರುವಾಗುವಲ್ಲಿ ನಿಂತಿತ್ತು. ಎಂಜಿನ್ ಬಂದ್ ಆಗಿ ಗಂಟೆಯಾಗಿತ್ತು.

"ಗಾಡಿ ನಿಂತದ. ಎಣ್ಣಿ ಓಡ್ಲಿಕ್ಹತ್ತಿಲ್ಲ. ಮುಳ್ಳು ಸೊನ್ನಿಗೆ ಬರಬೇಕಲ್ಲ?" ಎಂದೆ.

"ಅದು ಹಂಗಽ ಇರ್ತದ. ಒಳ್ಳೆ ಪ್ರೆಶರ್ ಅದ ಅಂತ ಅರ್ಥ," ಎಂದ ಅಣ್ಣ. "ಓಡಿಸುವಾಗ ನಟ್ಟನಡುವ ನಿಂತಿರ್ತದ, ಗೊತ್ತದ ಏನು? ಈ ಸುತ್ತಿನ್ಯಾಗ ಇಂಥ ಪ್ರೆಶರ್ ಯಾರ ಗಾಡಿಗೂ ಇಲ್ಲ."

"ಸತ್ತವನ ನಾಡಿ ಬಡೀಲಿಕ್ಹತ್ತದ ಅಂತ ಖುಷಿಪಟ್ಟಂಗ ಆತು."

"ನೀ ಕಾಲೇಜಿನ್ಯಾಗ ಶಾಸನದ ಕಲ್ಲು ಓದು, ಹೋಗು."

ಮೀಟರು ತೋರಿಸಲೆಂದೇ ನಾವು ಗ್ಯಾರೇಜಿಗೆ ಹೋದೆವು ಎಂದು ನನ್ನ ನೆನಪು. ಅಣ್ಣನ ಪ್ರಕಾರ ಕ್ಲಚ್ಚಿನ ಕೆಲಸವಿತ್ತು, ಮೀಟರಿನ ಮಾತು ನಾನು ನಡುವೆ ತೂರಿಸಿದ್ದು. ದಿನಚರಿ ನನ್ನ ಕಡೆಗಿದೆ, ಆದರೆ ಅದನ್ನು ಬರೆದವಳು ನಾನೇ. ಹಿಂಗಾರಿ ಬಿತ್ತನೆಗೆ ವಾರವಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಮಿಸ್ತ್ರಿ ಎಂಜಿನ್ ಚಾಲೂ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಾಲ್ಕೈದು ಕಡೆ ಕೇಳಿದರು. ಮತ್ತೆ ಬಂದ್ ಮಾಡಿಸಿದರು. ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿ ಬಹಳ ಹೊತ್ತು ನೋಡಿದರು.

"ಇದು ಯಂಕಂಚಿ ಗಾಡಿ ಅಲ್ಲೇನ್ರಿ ಮಾಲಕ್ರ?"

"ನಂಗ ಗೊತ್ತಿಲ್ಲ. ನಾ ತೊಗೊಂಡಿದ್ದು ವಿಜಾಪುರದ ಏಜೆಂಟನ ಕಡಿಂದ."

ಅವರು ಒಳಗೆ ಹೋಗಿ ತಗಡಿನ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟಿದ್ದ ತಮ್ಮದೇ ಮೀಟರು ತಂದರು. ನಮ್ಮ ಮೀಟರಿಗೆ ಹೋಗುತ್ತಿದ್ದ ಸಣ್ಣ ತಾಮ್ರದ ನಳಿಗೆಯನ್ನು ಎಂಜಿನ್ನಿನ ಕಡೆ ಬಿಚ್ಚಿ, ಆ ಜಾಗಕ್ಕೆ ತಮ್ಮ ಮೀಟರು ಕೂಡಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿದರು. ಅದರ ಮುಳ್ಳು ಕೆಂಪಿನಲ್ಲೇ ತೂಕಡಿಸುತ್ತ ನಿಂತಿತು.

"ನಿನ್ನ ಮೀಟರ್ ಕೆಟ್ಟದ," ಎಂದ ಅಣ್ಣ.

ಮಿಸ್ತ್ರಿ ಅಂಗಳದಲ್ಲಿದ್ದ ಇನ್ನೊಂದು ಗಾಡಿಗೆ ಅದೇ ಮೀಟರು ಕೂಡಿಸಿ ತೋರಿಸಿದರು. ಮುಳ್ಳು ಹಸಿರಿಗೆ ಏರಿತು. ಬಿಚ್ಚಿದ ಕೂಡಲೇ ಸೊನ್ನೆಗೆ ಬಿತ್ತು.

"ಬಿಚ್ಚಬೇಕಾಕ್ಕೈತ್ರಿ. ಒಳಗ ಬೇರಿಂಗ್ ಸವದಾವು. ಇನ್ನೊಂದು ಹಂಗಾಮ ಹೊಡದಿದ್ರ ಎಂಜಿನ್ ಹಿಡಕೊಂಡು ನಡು ಹೊಲದಾಗ ನಿಲ್ತಿತ್ತು."

ನಾಲ್ಕು ದಿನ ಹಿಡಿಯಿತು. ನಾನು ಪಾಠ ಮುಗಿಸಿ ಅತ್ತ ಹೋಗುತ್ತಿದ್ದೆ, ಅಣ್ಣನಿಗೆ ಬಿತ್ತನೆಯ ಓಡಾಟವಿತ್ತು. ಆ ದಿನಗಳಲ್ಲೇ ಅವರೊಂದಿಗೆ ನಾಲ್ಕು ಮಾತಾಡಿದ್ದು. ನಾನು ಏನು ಕಲಿಸುತ್ತೇನೆ ಎಂದು ಕೇಳಿದರು. ಸಾಲೋಟಗಿಯ ಶಾಸನದ ಮಾತು ಬಂತು. ಅದರ ಪಕ್ಕದಲ್ಲೇ ಎಷ್ಟೋ ಸಲ ಗಾಡಿ ರಿಪೇರಿ ಮಾಡಿದ್ದೇನೆ, ಏನು ಬರೆದಿದೆ ಎಂದು ಗೊತ್ತಿಲ್ಲ ಎಂದರು.

"ಕಲ್ಲಿನ ಮ್ಯಾಲ ಬರದಾರಂದ್ರ ಖರೇನಽ ಇರತೈತೇನ್ರೀ ಅಕ್ಕಾರ?"

"ಬರೆಸಿದವರಿಗೆ ಏನು ಬೇಕಾಗಿತ್ತೋ ಅದಿರ್ತದ. ಖರೆ ಹೌದೋ ಅಲ್ಲೋ ಬೇರೆ ಕಡೆ ತಾಳೆ ನೋಡಬೇಕು."

ಅವರು ಬೇರಿಂಗಿನ ಮೇಲೆ ಉಗುರು ಆಡಿಸುತ್ತ, "ಹಂಗಾದ್ರ ನಿಮ್ದೂ ಮೀಟರ್ ಕೆಲಸಾನಽ ಆತು," ಎಂದರು. ಆಗ ಅದು ತಮಾಷೆಯ ಮಾತಾಗಿ ಕೇಳಿತ್ತು. ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿದಿರುವುದರಿಂದ ಆ ಮಾತಿಗೆ ಇಲ್ಲದ ತೂಕ ಹಾಕುತ್ತಿದ್ದೇನೆಯೋ ಏನೋ.

ನಾಲ್ಕನೆಯ ದಿನ ನಮ್ಮ ಮೀಟರಿನ ಸರದಿ. ಕೈ ತೊಳೆದದ್ದು ಆಗಲೇ. ತಾಟು ಬಂತು. ಮೀಟರಿನ ಹಿಂಬದಿ ಬಿಚ್ಚಿದಾಗ ಎರಡು ಸ್ಕ್ರೂ ಟಣ್ ಟಣ್ ಎಂದು ಬಿದ್ದವು: ಒಂದು ಉಕ್ಕಿನದು, ಒಂದು ಹಿತ್ತಾಳೆಯದು. ಹಿತ್ತಾಳೆಯದನ್ನು ಅವರು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ ಮತ್ತೆ ತಾಟಿಗೆ ಹಾಕಿದರು. ನಳಿಗೆಯ ಕಸ ತೆಗೆದು, ಮುಳ್ಳನ್ನು ಕಿತ್ತು, ಸೊನ್ನೆಗೆ ಸರಿಯಾಗಿ ಕೂಡಿಸಿ, ಎಲ್ಲ ಮುಚ್ಚಿದರು.

ಅಣ್ಣ ಬಂದಿದ್ದ. ಗಾಡಿಗಾಗಿ ಕಾಯುತ್ತಿದ್ದ ಸಿಂದಗಿಯ ಡ್ರೈವರ್ ಒಬ್ಬ, ಚಹಾದವನು, ಇನ್ನಿಬ್ಬರು ಅಲ್ಲಿದ್ದರು. ಎಂಜಿನ್ ಚಾಲೂ ಆಯಿತು. ಸದ್ದು ನನಗೂ ಗೊತ್ತಾಗುವಷ್ಟು ಮೆತ್ತಗಾಗಿತ್ತು. ಬಿಸಿಯಾಗುತ್ತ ಬಂದ ಹಾಗೆ ಮುಳ್ಳು ಇಳಿದು ಹಸಿರಿನ ಅಂಚಿನಲ್ಲಿ ನಿಂತಿತು.

ಅಣ್ಣನ ಮುಖ ಬದಲಾಯಿತು. "ಏನ್ ಮಿಸ್ತ್ರಿ, ಮೊದಲ ನಟ್ಟನಡುವ ನಿಂತಿರ್ತಿತ್ತು. ನಾಕ ದಿನ ಬಿಚ್ಚಿ ಹರವಿ ಇದ್ದದ್ದೂ ಕಳದ್ಯಲ್ಲ?"

"ಮೊದಲಿಂದು ಸುಳ್ಳಿತ್ರಿ. ಈಗಿಂದು ಖರೆ ಐತಿ."

"ಖರೆ ಇಷ್ಟು ಸಣ್ಣದಿರ್ತದೇನು?"

"ಹಳೇ ಗಾಡಿಗಿ ಇಷ್ಟಾದ್ರ ರಗಡ್ ಆತ್ರಿ. ಹಸರಿನ್ಯಾಗ ಐತಲ್ಲ?"

"ಅಂಚಿನ್ಯಾಗ ಅದ."

"ಅಂಚೂ ಹಸರಽ ರೀ."

ನಿಂತವರು ನಕ್ಕರು. ನಗು ಅಣ್ಣನಿಗೆ ತಾಗಿತು. "ನಂಗದೆಲ್ಲಾ ಬ್ಯಾಡ. ಮುಳ್ಳು ನಡುವ ಬರೂ ಹಂಗ ಮಾಡಿ ಕೊಡು. ಬಿತ್ಲಿಕ್ಕೆ ಹೋಗೂ ಗಾಡಿ. ನಮ್ಮ ಡ್ರೈವರ್ ಇದನ್ನ ನೋಡಿದ್ರ ಹತ್ತೂದಿಲ್ಲ."

ಸಿಂದಗಿಯ ಡ್ರೈವರ್ ಬಾಯಿ ಹಾಕಿದ: "ಒಂದೀಟು ಎತ್ತಿ ಕೊಡ್ರಲ್ಲಾ ಮಿಸ್ತ್ರಿ. ಹತ್ತು ನಿಮಿಷದ ಕೆಲಸ. ನಿಮ್ಮ ಗಂಟೇನ್ ಹೋಕ್ಕೈತಿ?"

ಮಿಸ್ತ್ರಿ ಎಂಜಿನ್ ಬಂದ್ ಮಾಡಿದರು. ಆಮೇಲಿನ ಮಾತುಗಳನ್ನು ನಾನು ಆ ಸಂಜೆಯೇ ಬರೆದಿಟ್ಟಿದ್ದೇನೆ.

"ಎತ್ತಿದ್ದೆ," ಎಂದರು. "ಒಮ್ಮೆ ಎತ್ತಿದ್ದೆ. ಇದಽ ಮೀಟರಿನ ಮುಳ್ಳು. ಇವಽ ಕೈ."

ಯಾರೂ ನಗಲಿಲ್ಲ. ಅವರು ತಾವಾಗಿಯೇ ಮುಂದುವರಿಸಿದರು. ಹದಿನೈದು ವರ್ಷದ ಹಿಂದೆ ಇದೇ ಗಾಡಿ ಯಂಕಂಚಿಯ ಒಬ್ಬ ಹಿರಿಯರದಾಗಿತ್ತು. ಎಂಜಿನ್ ಪೂರ್ತಿ ಮಾಡಿಕೊಟ್ಟಿದ್ದರು, ಕೆಲಸ ಚೊಕ್ಕಟವಾಗಿತ್ತು. ಆದರೆ ಹಿರಿಯರ ಪಕ್ಕದ ಹೊಲದವನ ಗಾಡಿಯಲ್ಲಿ ಮುಳ್ಳು ನಡುವೆ ನಿಲ್ಲುತ್ತಿತ್ತು, ಇವರದರಲ್ಲಿ ಅಂಚಿನಲ್ಲಿ. ಅವರು ವಾರದಲ್ಲಿ ಮೂರು ಸಲ ಯಂಕಂಚಿಯಿಂದ ಬಂದರು. ಅಂಚೂ ಹಸಿರೇ ಎಂದು ಮೂರು ಸಲವೂ ಹೇಳಿದ್ದಾಯಿತು. "ಮೂರನೇ ಸಲ ನನಗ ಬ್ಯಾಸರಾತ್ರಿ. ಒಳಗ ಒಯ್ದು ಮುಳ್ಳು ಕಿತ್ತು ಸೊನ್ನಿಯಿಂದ ಒಂದು ಮನಿ ಮ್ಯಾಲ ಎತ್ತಿ ಕೂಡಿಸಿದೆ. ಅವಸರದಾಗ ಒಂದು ಸ್ಕ್ರೂ ಕಳೀತು, ಬಲ್ಬಿನ ಹೋಲ್ಡರಿಂದು ಹಿತ್ತಾಳಿದು ಹಾಕಿದೆ. ಯಜಮಾನ ಹೊರಗ ಮುಳ್ಳು ನೋಡಿ ಎರಡೂ ಕೈ ಮುಗದು ಹೋದ. ಎಂಜಿನ್ ಮಾಡಿಕೊಟ್ಟಾಗ ಕೈ ಮುಗದಿರಲಿಲ್ಲ." ಆ ಹಿರಿಯರು ತೀರಿಕೊಂಡ ಮೇಲೆ ಗಾಡಿ ಮಾರಾಟವಾಯಿತು. ಕೊಂಡವರೆಲ್ಲ ಮುಳ್ಳನ್ನು ನಂಬಿ ಓಡಿಸಿದರು. ಎಣ್ಣೆಯ ಒತ್ತಡ ಕೆಂಪಿಗೆ ಇಳಿದದ್ದು ಯಾರಿಗೂ ಕಾಣಲಿಲ್ಲ.

"ಹೇಳಬಾರದಂತ ಇದ್ದೆ. ನೀವು ಎತ್ತಂತೀರಿ. ನಾ ಮತ್ತ ಎತ್ತಂಗಿಲ್ಲ."

ಆ ಕಸುಬಿನಲ್ಲಿ ಇದು ಎಂಥ ಮಾತು ಎಂಬುದು ನನಗೆ ತಿಳಿದದ್ದು ಆಮೇಲೆ. ಎಂಜಿನ್ ಬಿಚ್ಚಿದಾಗ ಒಳಗೇನಿದೆ ಎಂದು ಮಾಲಕನಿಗೆ ಗೊತ್ತಾಗುವುದಿಲ್ಲ. ಮಿಸ್ತ್ರಿ ಹೇಳಿದ್ದನ್ನು ನಂಬಬೇಕು. ಆ ನಂಬಿಕೆಯೊಂದರ ಮೇಲೆಯೇ ಅಂಗಳದಲ್ಲಿ ಗಾಡಿ ಬಂದು ನಿಲ್ಲುವುದು. ಐದು ಜನರ ಮುಂದೆ ಅವರು ಅದನ್ನು ತಮ್ಮ ಕೈಯಾರೆ ಬಿಚ್ಚಿ ಹಾಕಿದ್ದರು.

ಅಣ್ಣ ಕೂಗಾಡಿದ. ನನ್ನ ಎಂಜಿನ್ ತಿಂದವನು ನೀನೇ ಅಂತಾಯಿತು ಎಂದ. ಅವರು ಹೌದೆಂದರು. ಅಣ್ಣ ಗಾಡಿ ಹತ್ತಿ ಹೊರಟುಹೋದ. ನಾನು ಹಿಂದೆ ಉಳಿದು ಏನೋ ಸಮಾಧಾನ ಹೇಳಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ದಿನಚರಿ ನೋಡಿದರೆ, "ನಾನೂ ಅಣ್ಣನ ಹಿಂದೆಯೇ ಬಂದುಬಿಟ್ಟೆ" ಎಂದಿದೆ.

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಸಿಂದಗಿಯ ಡ್ರೈವರ್ ಸಿಂದಗಿಯಲ್ಲಿ ಹೇಳಿದ, ಅಣ್ಣ ಹೊರ್ತಿಯಲ್ಲಿ. ಬಿತ್ತನೆಯ ಹಂಗಾಮಿನಲ್ಲಿ ಕಾಲಿಡಲು ಜಾಗವಿಲ್ಲದ ಅಂಗಳದಲ್ಲಿ ಒಂದೋ ಎರಡೋ ಗಾಡಿ. ಜನ ಅವರಿಗೆ 'ಮುಳ್ಳು ಮಿಸ್ತ್ರಿ' ಎಂದು ಹೆಸರಿಟ್ಟರು. ಹಾದುಹೋಗುವ ಡ್ರೈವರುಗಳು ರಸ್ತೆಯಿಂದಲೇ ಕೂಗುತ್ತಿದ್ದರು: "ಮಿಸ್ತ್ರಿ, ನನ್ನ ಗಡಿಯಾರದ ಮುಳ್ಳು ಒಂದೀಟು ಎತ್ತಿ ಕೊಡ್ತೀರೇನ್ರಿ? ಮಾಲಕ ಲಗೂನ ಬಿಡ್ತಾನ!" ಅವರು ತಲೆ ಎತ್ತದೆ, "ನಿನ್ನ ಮಾಲಕಗ ಗಡಿಯಾರ ಓದಾಕ ಬಂದ್ರ ತೊಗೊಂಡು ಬಾ," ಎನ್ನುತ್ತಿದ್ದರಂತೆ. ಇದನ್ನು ಹೇಳಿದ್ದು ಚಹಾದವನು. ಅವನು ಮಾತು ಬೆಳೆಸುವವನು, ಆದರೂ ಉತ್ತರ ಅವರದೇ ಇರಬೇಕು ಅನ್ನಿಸುತ್ತದೆ.

ಗಾಡಿ ಬಿತ್ತನೆಗೆ ಹೋಯಿತು. ಅಣ್ಣನ ಡ್ರೈವರ್ ಮುಳ್ಳನ್ನು ಒಮ್ಮೆ ನೋಡಿ, "ಈಗ ಬಂದ್ ಮಾಡಿದಾಗ ಸೊನ್ನಿಗಿ ಬರಾಕತ್ತೈತಿ, ಚಲೋ ಆತ್ರಿ," ಎಂದು ಹತ್ತಿ ಕುಳಿತನಂತೆ. ಆದರೂ ಅಣ್ಣನ ಸಿಟ್ಟು ಇಳಿಯಲಿಲ್ಲ. ಮುಂದಿನ ಸಲ ಎಣ್ಣೆ ಬದಲಿಸಲು ಬೇರೆ ಗ್ಯಾರೇಜಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್ ಮೀಟರ್ ನೋಡಿ ತಾನಾಗಿಯೇ ಕೇಳಿದನಂತೆ: "ಮುಳ್ಳು ಅಂಚಿಗೈತಲ್ರಿ ಮಾಲಕ್ರ. ಒಂದೀಟು ಎತ್ತಿ ಕೊಡ್ಲೇನ್ರಿ? ಎಲ್ಲಾರ್ದೂ ಹಂಗಽ ಮಾಡ್ತೇವಿ."

ಆ ದಿನ ಅಣ್ಣ ಇಂಡಿಯ ನನ್ನ ಮನೆಗೆ ಬಂದು, ಚಹಾ ಕುಡಿದು, ಇದನ್ನು ಹೇಳಿದ. "ಇಷ್ಟು ವರ್ಷ ಎಷ್ಟು ಗಾಡಿ ಎಷ್ಟು ಮುಳ್ಳು ನೋಡಿ ನಂಬೀನಿ ನಾ," ಎಂದ. ನಂತರ ಗಾಡಿ ಸಾಲೋಟಗಿ ರಸ್ತೆಗೇ ಹೋಗತೊಡಗಿತು. ಇಬ್ಬರೂ ಆ ದಿನದ ಬಗ್ಗೆ ಮತ್ತೆ ಮಾತಾಡಿದ್ದು ನನಗೆ ಗೊತ್ತಿಲ್ಲ.

ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಒಂದಿತ್ತು. ಯಂಕಂಚಿ ಗಾಡಿ ಎಂದು ಮೊದಲ ದಿನವೇ ಅವರಿಗೆ ಗುರುತು ಸಿಕ್ಕಿತ್ತು. ನಾಲ್ಕು ದಿನ ಗೊತ್ತಿದ್ದೇ ಕೆಲಸ ಮಾಡಿದ್ದರು. ಅಣ್ಣ ಹಟ ಹಿಡಿಯದಿದ್ದರೆ ಹೇಳುತ್ತಿದ್ದರೇ? ಒಂದು ದಿನ ಕೇಳಿಯೇಬಿಟ್ಟೆ. ಎಲ್ಲೋ ಒಳಗೆ, ಹೌದು ಎನ್ನುತ್ತಾರೆಂದು ನಿರೀಕ್ಷಿಸಿದ್ದೆ.

"ಇಲ್ರಿ," ಎಂದರು. "ಸುಮ್ಮ ಸರಿ ಮಾಡಿ ಕಳಸ್ತಿದ್ದೆ. ಹೇಳೂ ವಿಚಾರ ಇರಲಿಲ್ಲ."

ಸತ್ತವರನ್ನು ಹೊಗಳಲು ಕುಳಿತಾಗ ಇಂಥ ಉತ್ತರ ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ನಾನು ಇಟ್ಟಿರುವುದು ಅದು ಸಿಕ್ಕ ಜಾಗದಲ್ಲಿ.

ಅದೇ ದಿನ ಅವರು ಇನ್ನೊಂದು ಮಾತು ಹೇಳಿದರು. ಎತ್ತಿದ್ದು ಒಂದೇ ಮುಳ್ಳಲ್ಲ, ಮೂರು. ಯಂಕಂಚಿಯ ಹಿರಿಯರು ಕೈ ಮುಗಿದು ಹೋದ ಮೇಲೆ, ಅಂಥವೇ ತಕರಾರು ತಂದ ಇನ್ನಿಬ್ಬರಿಗೆ ಮೊದಲ ಸಲಕ್ಕೇ ಎತ್ತಿ ಕೊಟ್ಟಿದ್ದರು; ಅವುಗಳಲ್ಲೂ ಒಂದಕ್ಕೆ ಹಿತ್ತಾಳೆಯ ಸ್ಕ್ರೂ ಹಾಕಿದ ನೆನಪು ಅವರಿಗೆ. ಆಮೇಲೆ ತಮಗೇ ಸರಿ ಕಾಣದೆ ಬಿಟ್ಟಿದ್ದರು. ಒಂದು ಗಾಡಿ ಮುದ್ದೇಬಿಹಾಳದ ಕಡೆ ಮಾರಿ ಹೋಗಿದೆ ಎಂದು ಪತ್ತೆ ಹಚ್ಚಿ, ಬಸ್ಸಿನಲ್ಲಿ, ತಾಟು ಪಂಚೆ ಚೀಲದಲ್ಲಿ ಇಟ್ಟುಕೊಂಡು ಹೋದರು. ಅಲ್ಲಿಯ ಮಾಲಕ ಆ ಮೀಟರನ್ನು ಎಂದೋ ಕಿತ್ತು ಹೊಸದು ಹಾಕಿದ್ದ. ಇಷ್ಟು ದೂರ ಹಳೇ ಮುಳ್ಳಿಗಾಗಿ ಬಂದಿರೇ ಎಂದು ನಕ್ಕು, ರೊಟ್ಟಿ ಊಟ ಹಾಕಿ ಕಳಿಸಿದನಂತೆ. ಇನ್ನೊಂದು ಬಸವನ ಬಾಗೇವಾಡಿಯ ಕಡೆ ಹೋಗಿದೆ ಎಂಬುದಷ್ಟೇ ಗೊತ್ತು. ಯಾರಿಗೆ, ಯಾವ ಊರಿಗೆ, ಏಜೆಂಟನಿಗೂ ನೆನಪಿಲ್ಲ.

"ಒಂದು ನಾಕು ಸಾಲ ಬರದು ಕೊಡ್ರೀ ಅಕ್ಕಾರ. ಬಾಗೇವಾಡ್ಯಾಗ ಬಿಡಿಭಾಗದ ಅಂಗಡಿ ಗ್ವಾಡಿಗಿ ಹಚ್ಚಿ ಬರ್ತೇನಿ."

ನಾನು ಬರೆದೆ. ಆ ಕರಡು ಇನ್ನೂ ದಿನಚರಿಯೊಳಗಿದೆ: "ಟ್ರ್ಯಾಕ್ಟರ್ ಮಾಲಕರಲ್ಲಿ ವಿನಂತಿ. ಹಿಂದೆ ದುರಸ್ತಿಗೊಂಡ ಕೆಲವು ಗಾಡಿಗಳ ಆಯಿಲ್ ಮೀಟರಿನಲ್ಲಿ ದೋಷ ಕಂಡುಬಂದಿದ್ದು, ಮಾಲಕರು ಪರಿಶೀಲಿಸಿಕೊಳ್ಳಬೇಕಾಗಿ ಕೋರಿಕೆ." ಅವರ ಮರ್ಯಾದೆ ಉಳಿಸುವ ಹಾಗೆ ಬರೆದಿದ್ದೇನೆ ಎಂದು ನನಗೆ ಸಮಾಧಾನವಿತ್ತು. ಅವರು ಓದಿ ಕಾಗದ ತಿರುವಿದರು, ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು.

"ದೋಷ ತಾನಽ ಬಂತೇನ್ರಿ? ನಾ ಎಲ್ಲಿದ್ದೇನಿ ಇದರಾಗ?"

"ನಿಮ್ಮ ಹೆಸರು ಬ್ಯಾಡ ಅಂತ ಬಿಟ್ಟೀನಿ. ಈಗಾಗಲೇ ಸಾಕಷ್ಟು ಆಡಿಕೊಂಡಾರ."

"ಆಡಿಕೊಂಡವ್ರು ಇಂಡಿ ಊರಾವ್ರು. ಬಾಗೇವಾಡ್ಯಾವ್ರಿಗಿ ಗೊತ್ತಾಗಬೇಕಲ್ಲಾ?"

ಅವರು ಹೇಳಿದರು, ನಾನು ಬರೆದೆ. ಪುಸ್ತಕದ ಭಾಷೆಗೆ ತಿದ್ದಲೇ ಎಂದದ್ದಕ್ಕೆ, "ಬ್ಯಾಡ್ರಿ, ಓದಾವ್ರು ನಮ್ಮವ್ರಽ ಅದಾರ," ಎಂದರು. ಕಾಗದದಲ್ಲಿ ಇದ್ದದ್ದು ಇಷ್ಟು: "ಎಂಜಿನ್ ಬಂದ್ ಮಾಡಿ ಮೀಟರ್ ನೋಡ್ರಿ. ಮುಳ್ಳು ಸೊನ್ನಿಗಿ ಬರಲಿಲ್ಲಂದ್ರ ಅದನ್ನ ಎತ್ತಿದಾಂವ ನಾನು. ಒಳಗ ಒಂದು ಹಿತ್ತಾಳಿ ಸ್ಕ್ರೂ ಇರಬಹುದು. ಗಾಡಿ ಓಡಿಸಬ್ಯಾಡ್ರಿ, ತಿಳಿಸ್ರಿ, ನಾನಽ ಬರ್ತೇನಿ." ಕೆಳಗೆ ಅವರ ಪೂರ್ತಿ ಹೆಸರು, ಊರು, ಫೋನ್ ನಂಬರು.

ಅಂಥ ಕಾಗದ ಬರೆಸಿದವರ ಹೆಸರನ್ನು ಇಲ್ಲಿ ನಾನು ಹಾಕಿಲ್ಲ. ಅವರ ಮನೆಯವರು ಅದೇ ಊರಲ್ಲಿದ್ದಾರೆ ಎಂಬುದು ನಾನು ಕೊಟ್ಟುಕೊಳ್ಳುತ್ತಿರುವ ಕಾರಣ. ಅವರಾಗಿದ್ದರೆ ಈ ಕಾರಣವನ್ನೂ ತಿರುವಿ ನೋಡುತ್ತಿದ್ದರು.

ಕಾಗದಕ್ಕೆ ಎರಡು ಮೂರು ಫೋನು ಬಂದವಂತೆ. ಒಂದು ಯಾರದೋ ಚೇಷ್ಟೆ. ಇನ್ನೊಂದರಲ್ಲಿ ಮೀಟರು ನೀರು ಹೊಕ್ಕು ಕೆಟ್ಟಿತ್ತು. ಅದನ್ನು ಸರಿ ಮಾಡಿ ಬಂದರು. ಹುಡುಕುತ್ತಿದ್ದ ಗಾಡಿ ಸಿಗಲಿಲ್ಲ. ಕೊನೆಯವರೆಗೂ ಸಿಗಲಿಲ್ಲ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಬಸವನ ಬಾಗೇವಾಡಿಯಲ್ಲಿ, ಹೋದ ವರ್ಷ. ಪರೀಕ್ಷೆಯ ಕೆಲಸಕ್ಕೆಂದು ಹೋಗಿದ್ದೆ. ಬೆಳಿಗ್ಗೆ ಬಸ್ಸಿಳಿದು ನಡೆಯುವಾಗ, ಗೊಬ್ಬರದ ಅಂಗಡಿಗಳ ಎದುರಿನ ಬಯಲಿನಲ್ಲಿ ಏಳೆಂಟು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು. ಮಿಸ್ತ್ರಿ ಹೆಗಲಿಗೆ ಚೀಲ ಹಾಕಿಕೊಂಡು ಒಂದೊಂದರ ಹತ್ತಿರ ಹೋಗಿ, ಬಿಸಿಲು ತಾಗದ ಹಾಗೆ ಅಂಗೈ ಅಡ್ಡ ಹಿಡಿದು, ಬಗ್ಗಿ ಮೀಟರ್ ನೋಡುತ್ತಿದ್ದರು. ಇಷ್ಟನ್ನು ದಿನಚರಿಯಲ್ಲಿ ಬರೆದಿದ್ದೇನೆ, ಆದ್ದರಿಂದ ಕಂಡದ್ದೇ ಇರಬೇಕು. ನನಗೆ ಹೊತ್ತಾಗಿತ್ತು, ಹತ್ತಿರ ಹೋಗಿ ಮಾತಾಡಿಸಲಿಲ್ಲ.

ಒಂದು ಗಾಡಿಯ ಡ್ರೈವರ್ ಅಂಗಡಿಯ ಕಟ್ಟೆಯಿಂದ ಕೂಗಿದ: "ಏ ಯಜಮಾನಾ, ಏನ್ ಕದಿಯಾಕತ್ತಿ ಅಲ್ಲಿ?"

"ಏನಿಲ್ಲೋ ತಮ್ಮಾ," ಎಂದರು ಮಿಸ್ತ್ರಿ. "ನಿಂದು ಸೊನ್ನಿಗಿ ಐತಿ. ಹೊಡಿ ಗಾಡಿ." ಅಷ್ಟು ಹೇಳಿ ಮುಂದಿನ ಟ್ರ್ಯಾಕ್ಟರಿನತ್ತ ನಡೆದರು.